0.01 ಮೋಲಾರ್ ದ್ರಾವಣಕ್ಕೆ ಎಷ್ಟು ಗ್ರಾಂ? ಮೊದಲು ಡಬ್ಬಿ ನೋಡಿ

ಅಣ್ಣಾ, ಅಡಿಕೆ ತೋಟದ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಮನೆಯಲ್ಲೇ ನೋಡಲು 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಲೀಟರಿಗೆ ಎಷ್ಟು ಗ್ರಾಂ ಅಂತ ಕೇಳಿದ್ದೀರಿ. ಒಬ್ಬರು 1.11 ಅಂದರು, ಇನ್ನೊಬ್ಬರು 1.47 ಅಂದರು. ಒಂದು ಲೀಟರ್ ದ್ರಾವಣದಲ್ಲಿ ಅಣುತೂಕದಷ್ಟು ಗ್ರಾಂ ಇದ್ದರೆ ಅದು 1 ಮೋಲಾರ್. ಇಬ್ಬರ ಲೆಕ್ಕವೂ ಸರಿಯೇ. ನಿಮ್ಮ ಡಬ್ಬಿಯಲ್ಲಿ ಯಾವುದಿದೆ ಅನ್ನೋದರ ಮೇಲೆ ಹೋಗುತ್ತದೆ.

ಡಬ್ಬಿ ಮೇಲೆ ಅನ್‌ಹೈಡ್ರಸ್ (ನೀರಿಲ್ಲದ್ದು) ಅಂತಿದ್ದರೆ ಅಣುತೂಕ 111. ಡೈಹೈಡ್ರೇಟ್ ಅಂತಿದ್ದರೆ ಹರಳಿನೊಳಗೆ ನೀರೂ ಸೇರಿರುತ್ತದೆ, ಹಾಗಾಗಿ 147. ಅಣುತೂಕ, ಮೋಲಾರಿಟಿ, ಲೀಟರ್ ಈ ಮೂರನ್ನೂ ಗುಣಿಸಿದರೆ ಗ್ರಾಂ ಬರುತ್ತದೆ, ಅಷ್ಟೇ ಲೆಕ್ಕ. ನಾನು ಮೊದಲ ಸಲ ಡೈಹೈಡ್ರೇಟ್ ಇಟ್ಟುಕೊಂಡು 1.11 ಗ್ರಾಂ ಹಾಕಿದ್ದೆ, ದ್ರಾವಣ ಕಾಲು ಭಾಗ ತೆಳುವಾಗಿತ್ತು. ನಾವು ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತದ ನೀಲಿ ಹರಳಿನಲ್ಲೂ ಹೀಗೇ ಪ್ರತಿ ಅಣುವಿಗೆ ಐದು ನೀರಿನ ಅಣು ಇವೆ, ಅದರ ಅಣುತೂಕ ಸುಮಾರು 250. ನೂರು ಲೀಟರಿಗೆ ಒಂದು ಕೆಜಿ ಅಂದರೆ 0.04 ಮೋಲಾರ್ ಆಯಿತು.

ಈಗ ತೂಕದ ವಿಷಯ. ಅಡುಗೆಮನೆಯ ತಕ್ಕಡಿಯಲ್ಲಿ 1.47 ಗ್ರಾಂ ತೂಗಲು ಆಗುವುದಿಲ್ಲ, ಸುಮ್ನೆ ಪ್ರಯತ್ನ ಮಾಡಬೇಡಿ. ಅದರ ಬದಲು 147 ಗ್ರಾಂ ಡೈಹೈಡ್ರೇಟ್ ತೂಗಿ, ಮುಕ್ಕಾಲು ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಬಿಸಿ ಆರಿದ ಮೇಲೆ ಒಂದು ಲೀಟರ್ ಗೆರೆ ಮುಟ್ಟುವವರೆಗೆ ನೀರು ಹಾಕಿ. ಒಂದು ಲೀಟರ್ ನೀರು ಅಳೆದಿಟ್ಟು ಅದಕ್ಕೆ ಈ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪು ಹಾಕಿದರೆ ಒಟ್ಟು ಅಳತೆ ಲೀಟರಿಗಿಂತ ಜಾಸ್ತಿ ಆಗಿಬಿಡುತ್ತದೆ. ಗೆರೆ ಮುಟ್ಟಿಸಿ ಮಾಡಿದ ದ್ರಾವಣ 1 ಮೋಲಾರ್. ಮೆಡಿಕಲ್ ಶಾಪಿನ ಸಿರಿಂಜಿನಿಂದ ಇದರಲ್ಲಿ 10 ಮಿಲಿ ತೆಗೆದು, ನೀರು ಸೇರಿಸಿ ಒಂದು ಲೀಟರ್ ಮಾಡಿದರೆ ನಿಮಗೆ ಬೇಕಾದ 0.01 ಸಿಕ್ಕಿತು. ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸಿದರೂ ತಪ್ಪು ನೂರಕ್ಕೆ ಒಂದರಷ್ಟೂ ಇರುವುದಿಲ್ಲ.

ನೀರು ಮಾತ್ರ ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರಿನಲ್ಲಿ ಮೊದಲೇ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಇರುತ್ತವೆ, ಪಿಎಚ್ ಮೀಟರ್ ಬೇರೇನೇ ತೋರಿಸುತ್ತದೆ. ಡಬ್ಬಿ ಮುಚ್ಚಳ ಬಿಗಿಯಾಗಿರಲಿ. ಈ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳಲೇಬೇಡಿ. ಒದ್ದೆಯಾದದ್ದನ್ನು ತೂಗಿದರೆ ನೀರನ್ನೇ ತೂಗಿದ ಹಾಗೆ.

ಆಮೇಲೆ 10 ಗ್ರಾಂ ಒಣ ಮಣ್ಣಿಗೆ 20 ಮಿಲಿ ದ್ರಾವಣ ಹಾಕಿ, ಅರ್ಧ ಗಂಟೆ ಆಗಾಗ ಕಲಕಿ ಅಳೆಯಿರಿ. ಬರೀ ನೀರಿನಲ್ಲಿ ಅಳೆದದ್ದಕ್ಕಿಂತ ಪಿಎಚ್ ಸಾಮಾನ್ಯವಾಗಿ ಸುಮಾರು ಅರ್ಧ ಅಂಕ (0.5) ಕಡಿಮೆ ಬರುತ್ತದೆ, ಗಾಬರಿಯಾಗಬೇಡಿ. ಸಾಯಿಲ್ ಹೆಲ್ತ್ ಕಾರ್ಡಿನ ಪಿಎಚ್ ನೀರಿನಲ್ಲಿ ಅಳೆದದ್ದು ಅಲ್ವಾ, ಅದರ ಜೊತೆ ಇದನ್ನು ಹೋಲಿಸಿ ಸುಣ್ಣ ಜಾಸ್ತಿ ಸುರಿಯಬೇಡಿ.