ಮ್ಯಾಕ್ಯುಲಾ ಹಾಳಾದ ಕಣ್ಣಿಗೆ ಪೊರೆ ಆಪರೇಷನ್: ಲೆನ್ಸ್ ಯಾವುದು ಅನ್ನೋದು ಆಮೇಲಿನ ಮಾತು

ಅಮ್ಮನಿಗೆ ಎರಡೂ ಕಣ್ಣಲ್ಲಿ ಡ್ರೈ ಮ್ಯಾಕ್ಯುಲರ್ ಡಿಜೆನರೇಶನ್ ಇದೆ (ಕಣ್ಣಿನ ಹಿಂದಿನ ಪರದೆ ರೆಟಿನಾ, ಅದರ ನಟ್ಟನಡುವೆ ನೇರ ನೋಟ ಕೊಡೋ ಭಾಗ ಮ್ಯಾಕ್ಯುಲಾ, ಅದು ಸವೆಯುವ ಕಾಯಿಲೆ), ಈಗ ಪೊರೆಯೂ ಬಂದಿದೆ, ಒಬ್ಬ ಡಾಕ್ಟರು ಆಪರೇಷನ್ ಮಾಡಿಸಿ ಪ್ರಯೋಜನ ಇಲ್ಲ ಅಂದರು, ಇನ್ನೊಬ್ಬರು ದೂರ, ಹತ್ತಿರ ಎರಡಕ್ಕೂ ಹೊಂದುವ ಮಲ್ಟಿಫೋಕಲ್ ಲೆನ್ಸ್ ಹಾಕಿಸಿದರೆ ಕನ್ನಡಕವೇ ಬೇಡ ಅಂದರು, ಯಾವ ಲೆನ್ಸ್ ಒಳ್ಳೇದು ಅಂತ ಕೇಳಿದ್ದೀರಿ. ನಮ್ಮಪ್ಪನ ವಿಷಯದಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ನೀವು ಮೊದಲು ಕೇಳಬೇಕಾದ್ದು ಲೆನ್ಸ್ ಬಗ್ಗೆ ಅಲ್ಲ. ಅಮ್ಮನ ಮಬ್ಬಿನಲ್ಲಿ ಪೊರೆಯ ಪಾಲೆಷ್ಟು, ಮ್ಯಾಕ್ಯುಲಾದ ಪಾಲೆಷ್ಟು? ಇದಕ್ಕೆ ಉತ್ತರ ಸಿಗೋವರೆಗೆ ಯಾವ ಲೆನ್ಸಿಗೂ ಒಪ್ಪಿಗೆ ಕೊಡಬೇಡಿ.

ಅಪ್ಪನ ಪೊರೆ ಚೆನ್ನಾಗಿ ಬಲಿತಿತ್ತು. ರಾತ್ರಿ ದೀಪ ನೋಡಿದರೆ ಸುತ್ತ ಬೆಳಕು ಹರಡಿಕೊಳ್ಳುತ್ತಿತ್ತು. ಎದುರಿಗೆ ಬಂದವರನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದರು. ಪೊರೆ ತೆಗೆಸಿದರೆ ಎಲ್ಲಾ ಸರಿ ಹೋಗುತ್ತದೆ ಅಂತ ಮನೆಯವರೆಲ್ಲ ನಂಬಿದ್ದೆವು. ಆದರೆ ಅದಕ್ಕೂ ಕೆಲವು ವರ್ಷ ಮುಂಚೆ, ಕನ್ನಡಕದ ನಂಬರ್ ನೋಡಿಸೋಕೆ ಹೋದಾಗ, ರೆಟಿನಾ ಡಾಕ್ಟರೊಬ್ಬರು ಹೇಳಿದ್ದರು: ಒಳಗೆ ಹಳದಿ ಚುಕ್ಕೆಗಳಿವೆ, ಡ್ರೂಸೆನ್ ಅಂತಾರೆ, ವರ್ಷಕ್ಕೊಮ್ಮೆ ತೋರಿಸಿ. ಮ್ಯಾಕ್ಯುಲಾ ಕಾಯಿಲೆಯ ಗುರುತು ಅದು. ಆ ಫೈಲು ಬೀರು ಸೇರಿತು. ಪೊರೆ ಆಪರೇಷನ್‌ಗೆ ಹೋದಾಗ ಶುಗರ್ ಇದೆಯಾ, ಬಿಪಿ ಇದೆಯಾ, ಕಣ್ಣಿಗೆ ಬೇರೆ ತೊಂದರೆ ಏನಾದರೂ ಇದೆಯಾ ಅಂತ ಕೇಳಿದರು. ಕೊನೇದಕ್ಕೆ ನಾನು ‘ಇಲ್ಲ’ ಅಂದೆ.

ಯಾಕೆ ಹಾಗಂದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಹಾಗೇ ಅನ್ನಬಹುದು. ಅಪ್ಪನಿಗೆ ಆ ಚುಕ್ಕೆಗಳಿಗೆ ಅಂತ ಯಾರೂ ಹನಿ ಕೊಟ್ಟಿರಲಿಲ್ಲ, ಮಾತ್ರೆ ಕೊಟ್ಟಿರಲಿಲ್ಲ, ನೋವು, ಕೆಂಪು, ನೀರು ಸುರಿಯೋದು ಒಂದೂ ಇರಲಿಲ್ಲ. ಔಷಧಿ ಇಲ್ಲದ್ದನ್ನು ನಾನು ಕಾಯಿಲೆ ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇನ್ನು ಡಾಕ್ಟರಿಗೆ ಬಲಿತ ಪೊರೆಯ ಮೂಲಕ ಹಿಂದಿನ ರೆಟಿನಾ ಮಸುಕಾಗಿ ಮಾತ್ರ ಕಾಣುತ್ತಿತ್ತು. ಅವರು ಓಸಿಟಿ ಸ್ಕ್ಯಾನ್ ಮಾಡಿಸಲಿಲ್ಲ. ಮಾಡಿಸಬೇಕಿತ್ತು, ಅದು ಅವರ ತಪ್ಪು. ಆದರೆ ಬೀರುವಿನಲ್ಲಿದ್ದ ಫೈಲು ಮೇಜಿನ ಮೇಲೆ ಬಂದಿದ್ದರೆ ಅವರು ಖಂಡಿತ ಮಾಡಿಸುತ್ತಿದ್ದರು. ಓಸಿಟಿ ಅಂದರೆ ಬೆಳಕಿನಿಂದ ರೆಟಿನಾದ ಪದರಗಳನ್ನು ಅಡ್ಡಕ್ಕೆ ಕತ್ತರಿಸಿದ ಹಾಗೆ ತೋರಿಸುವ ಸ್ಕ್ಯಾನ್. ಚುಚ್ಚೋದಿಲ್ಲ, ನೋಯೋದಿಲ್ಲ, ಬೇಗ ಮುಗಿಯುತ್ತದೆ. ಅಷ್ಟು ಸಣ್ಣ ಪರೀಕ್ಷೆ ತಪ್ಪಿದ್ದಕ್ಕೆ ಅಪ್ಪನ ಬಲಗಣ್ಣಿಗೆ ಮಲ್ಟಿಫೋಕಲ್ ಬಂತು. ಇನ್ನೊಂದು ಮಾತು, ಅಪ್ಪನಿಗೆ ಕನ್ನಡಕ ಯಾವತ್ತೂ ಭಾರ ಅನಿಸಿರಲಿಲ್ಲ. ಕನ್ನಡಕ ಬೇಡ ಅನ್ನೋ ಆಸೆ ನಮ್ಮದು, ಅವರನ್ನು ಕೇಳಿಯೇ ಇರಲಿಲ್ಲ.

ಪಟ್ಟಿ ಬಿಚ್ಚಿದಾಗ ಅಪ್ಪನಿಗೆ ಖುಷಿಯೋ ಖುಷಿ, ಬಣ್ಣಗಳೆಲ್ಲ ತೊಳೆದಿಟ್ಟ ಹಾಗಿವೆ ಅಂದರು. ಪೇಪರ್ ಹಿಡಿದಾಗ ಗೊತ್ತಾಯಿತು. ಸಾಲಿನ ಕೆಳಗೆ ಬೆರಳಿಟ್ಟು, ತಲೆ ಸ್ವಲ್ಪ ಓರೆ ಮಾಡಿ, ‘ಸಮಾಚಾರ ಅಂತ ಇದ್ದರೆ ಸ ಕಾಣುತ್ತೆ, ರ ಕಾಣುತ್ತೆ, ಮಧ್ಯ ಏನೂ ಇಲ್ಲ’ ಅಂದರು. ಕಾಣುವ ಅಕ್ಷರವೂ ಕಪ್ಪಗಿಲ್ಲ, ಬೂದಿ ಬಣ್ಣ ಅಂದರು. ಲೆನ್ಸ್ ಹಿಂದಿನ ಪದರ ಮಂಜಾಗಿರಬಹುದು, ಲೇಸರ್ ಮಾಡೋಣ ಅಂತ ಸಲಹೆ ಬಂತು. ಅದಕ್ಕೆ ಮೊದಲು ಬೇರೆ ರೆಟಿನಾ ಡಾಕ್ಟರ ಹತ್ತಿರ ಹೋಗಿದ್ದು ಒಳ್ಳೇದಾಯಿತು. ಅವರು ಮೊದಲು ಮಾಡಿದ್ದೇ ಓಸಿಟಿ. ಮ್ಯಾಕ್ಯುಲಾದ ನಟ್ಟನಡುವೆ ಜೀವಕೋಶಗಳೇ ಸವೆದು ಹೋಗಿದ್ದವು.

ಮಲ್ಟಿಫೋಕಲ್ ಲೆನ್ಸ್ ಕಣ್ಣಿಗೆ ಬಂದ ಬೆಳಕನ್ನು ಪಾಲು ಮಾಡುತ್ತದೆ, ಒಂದು ಪಾಲು ದೂರಕ್ಕೆ, ಒಂದು ಪಾಲು ಹತ್ತಿರಕ್ಕೆ. ಹಾಗಾಗಿ ಯಾವ ಚಿತ್ರಕ್ಕೂ ಪೂರ್ತಿ ಕಾಂಟ್ರಾಸ್ಟ್ ಇರೋದಿಲ್ಲ. ಆರೋಗ್ಯವಾದ ಮ್ಯಾಕ್ಯುಲಾ ಅದನ್ನು ಸುಧಾರಿಸಿಕೊಳ್ಳುತ್ತದೆ. ಮ್ಯಾಕ್ಯುಲಾ ಸವೆದವರಿಗೆ ಮೊದಲೇ ಕಾಂಟ್ರಾಸ್ಟ್ ಕಡಿಮೆ, ಅದರಲ್ಲೂ ಪಾಲು ಹೋದರೆ ಅಕ್ಷರ ಬೂದಿ ಆಗದೆ ಇನ್ನೇನಾಗುತ್ತದೆ? ಲೆನ್ಸ್ ಬದಲಾಯಿಸೋದು ಮೊದಲ ಆಪರೇಷನ್‌ಗಿಂತ ಅಪಾಯದ್ದು. ಹಿಂದಿನ ಪದರಕ್ಕೆ ಲೇಸರ್ ಹೊಡೆಸಿದ ಮೇಲಂತೂ ಅದು ಇನ್ನೂ ಕಷ್ಟ. ಅಪ್ಪನ ವಯಸ್ಸು ನೋಡಿ ಬದಲಾಯಿಸೋದು ಬೇಡ ಅಂದರು. ಆ ಕಣ್ಣು ಹಾಗೇ ಉಳಿಯಿತು.

ಎಡಗಣ್ಣಿಗೆ ಎಲ್ಲಾ ಕ್ರಮವಾಗಿ ಮಾಡಿಸಿದೆವು. ಓಸಿಟಿ ಮೊದಲು. ಪೊರೆ ಡಾಕ್ಟರು, ರೆಟಿನಾ ಡಾಕ್ಟರು ಇಬ್ಬರ ಮುಂದೆಯೂ ಅದೇ ಫೈಲು. ಹಾಕಿಸಿದ್ದು ಒಂದೇ ದೂರಕ್ಕೆ ಹೊಂದುವ ಸಾದಾ ಮೊನೊಫೋಕಲ್, ಅದೂ ದೂರಕ್ಕಲ್ಲ, ಹತ್ತಿರಕ್ಕೆ ಹೊಂದುವ ಪವರ್. ಕನ್ನಡಕ ಇಲ್ಲದೆ ಸುಮಾರು 35–40 ಸೆಂಟಿಮೀಟರ್ ದೂರದಲ್ಲಿ ಸ್ಪಷ್ಟ, ಓಡಾಡೋಕೆ ಕನ್ನಡಕ. ಪುಸ್ತಕ ಹತ್ತಿರ ಹಿಡಿದಷ್ಟೂ ಅಕ್ಷರ ರೆಟಿನಾ ಮೇಲೆ ದೊಡ್ಡದಾಗಿ ಬೀಳುತ್ತದೆ ಅಲ್ವಾ, ಅದಕ್ಕೇ ಈ ಲೆಕ್ಕ. ಈಗ ಅಪ್ಪ ಆ ಕಣ್ಣಲ್ಲೇ ಓದುತ್ತಾರೆ, ಪಕ್ಕದಲ್ಲಿ ಜೋರು ದೀಪ, ಸಣ್ಣ ಅಕ್ಷರಕ್ಕೆ ಭೂತಗನ್ನಡಿ. ನಿಧಾನ, ಆದರೆ ಓದುತ್ತಾರೆ.

ಇನ್ನು ‘ಪ್ರಯೋಜನ ಇಲ್ಲ’ ಅಂದ ಡಾಕ್ಟರ ಮಾತು. ಅದನ್ನೂ ನಾನು ಒಪ್ಪೋದಿಲ್ಲ. ಪೊರೆ ತೆಗೆದರೆ ಮ್ಯಾಕ್ಯುಲಾ ವಾಸಿ ಆಗೋದಿಲ್ಲ, ನಡುವಿನ ಕಲೆ ಹಾಗೇ ಇರುತ್ತದೆ. ಆದರೆ ಬೆಳಕು, ಬಣ್ಣ, ಅಂಚಿನ ನೋಟ ಸಿಗುತ್ತದೆ, ಮೆಟ್ಟಿಲು ಇಳಿಯುವವರಿಗೆ ಅದು ಸಣ್ಣ ವಿಷಯ ಅಲ್ಲ. ಆಪರೇಷನ್ ಮಾಡಿಸಿದರೆ ಕಾಯಿಲೆ ಜೋರಾಗುತ್ತದೆ ಅನ್ನೋ ಹಳೇ ಭಯ ಒಂದಿದೆ. ವಯಸ್ಸಾದವರ ಕಣ್ಣಿನ ಕಾಯಿಲೆಗಳ ಬಗ್ಗೆ ಅಮೆರಿಕದಲ್ಲಿ ನಡೆದ ಅರೆಡ್ಸ್ (AREDS) ಅಧ್ಯಯನದಲ್ಲಿ ಆ ಭಯಕ್ಕೆ ಗಟ್ಟಿ ಆಧಾರ ಸಿಗಲಿಲ್ಲ, ಪೊರೆ ತೆಗೆಸಿದವರ ದೃಷ್ಟಿ ಸರಾಸರಿಯಲ್ಲಿ ಸುಧಾರಿಸಿತ್ತು.

ಹಳದಿ ಲೆನ್ಸ್ ಹಾಕಿಸಿ, ನೀಲಿ ಬೆಳಕು ತಡೆದು ಮ್ಯಾಕ್ಯುಲಾ ಕಾಪಾಡುತ್ತದೆ ಅಂತ ಯಾರಾದರೂ ಹೇಳುತ್ತಾರೆ, ನೋಡ್ತಾ ಇರಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಅದಕ್ಕೆ ಸರಿಯಾದ ಪುರಾವೆ ಇಲ್ಲ ಅಂತಲೇ ಹೇಳಿದೆ. ಆ ಒಂದು ಕಾರಣಕ್ಕೆ ಸುಮ್ನೆ ಜಾಸ್ತಿ ಹಣ ಕೊಡಬೇಡಿ. ವಿಟಮಿನ್ ಮಾತ್ರೆಯ ಮಾತೂ ಬರುತ್ತದೆ. ಮಧ್ಯಮ ಹಂತದವರಿಗೆ ಕಾಯಿಲೆ ಮುಂದುವರಿಯೋದನ್ನು ಅದು ನಿಧಾನ ಮಾಡಬಹುದು, ಹೋದ ದೃಷ್ಟಿ ತರೋದಿಲ್ಲ. ಅಮ್ಮನಿಗೆ ಬೇಕಾ ಅಂತ ರೆಟಿನಾ ಡಾಕ್ಟರು ಹೇಳಲಿ.

ಎರಡೂ ಕಣ್ಣಿನ ನಡುವಿನ ನೋಟ ತೀರಾ ಹೋಗಿದ್ದರೆ ಇನ್ನೊಂದು ದಾರಿ ಇದೆ. ಕಣ್ಣೊಳಗೇ ಕೂರಿಸುವ ಪುಟ್ಟ ಟೆಲಿಸ್ಕೋಪ್, ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿದ್ದು. ಒಂದೇ ಕಣ್ಣಿಗೆ ಹಾಕುತ್ತಾರೆ, ಇನ್ನೊಂದು ಕಣ್ಣು ಓಡಾಟಕ್ಕೆ. ಎಲ್ಲರಿಗೂ ಹೊಂದೋದಿಲ್ಲ. ಆಗ ಅನುಮತಿ ಸಿಕ್ಕಿದ್ದು ಪೊರೆ ಆಪರೇಷನ್ ಆಗಿರದ ಕಣ್ಣಿಗೆ ಮಾತ್ರ, ಹಾಗಾಗಿ ವಿಚಾರಿಸೋದಿದ್ದರೆ ಲೆನ್ಸ್ ಹಾಕಿಸೋಕೆ ಮುಂಚೆಯೇ ವಿಚಾರಿಸಿ.

ಡ್ರೈ ಇದೆ ಅಂತ ಬರೆದಿದ್ದೀರಿ, ಆದರೆ ಡ್ರೈ ಯಾವಾಗ ಬೇಕಾದರೂ ವೆಟ್ ಆಗಬಹುದು. ವೆಟ್ ಅಂದರೆ ರೆಟಿನಾ ಕೆಳಗೆ ಹೊಸ ರಕ್ತನಾಳ ಬೆಳೆದು ಸೋರೋದು. ಹಾಗಾಗಿದ್ದರೆ ಮೊದಲು ಕಣ್ಣಿಗೆ ಇಂಜೆಕ್ಷನ್, ಸೋರೋದು ಹತೋಟಿಗೆ ಬಂದ ಮೇಲೆ ಪೊರೆಯ ಮಾತು. ಆಪರೇಷನ್ ಆಯಿತು ಅಂತ ಇಂಜೆಕ್ಷನ್ ತಪ್ಪಿಸೋ ಹಾಗೂ ಇಲ್ಲ. ಮನೆಯಲ್ಲಿ ಆಮ್ಸ್ಲರ್ ಗ್ರಿಡ್ ಇಟ್ಟುಕೊಳ್ಳಿ, ನಡುವೆ ಚುಕ್ಕೆ ಇರೋ ಚೌಕುಳಿ ಹಾಳೆ ಅಷ್ಟೇ. ಅಮ್ಮ ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಚುಕ್ಕೆ ನೋಡಲಿ. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೇ ಕಣ್ಣು ಕೆಟ್ಟ ಕಣ್ಣಿನ ತೊಂದರೆಯನ್ನು ಮುಚ್ಚಿಬಿಡುತ್ತದೆ. ನೇರ ಗೆರೆ ಹೊಸದಾಗಿ ಸೊಟ್ಟ ಕಂಡರೆ ಪೊರೆ ಆಪರೇಷನ್ ತಾರೀಖು ಪಕ್ಕಕ್ಕಿಟ್ಟು ತಕ್ಷಣ ರೆಟಿನಾ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹಳೇ ಫೈಲುಗಳ ಸಮೇತ.