ತೂಕ ಇಳಿಯಲಿಲ್ಲ ಅಂತ ವ್ಯಾಯಾಮ ಬಿಡಬೇಡಿ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನನಗೆ 46 ವರ್ಷ. ಶುಗರ್ ಬಾರ್ಡರ್‌ನಲ್ಲಿದೆ, ತೂಕ ಇಳಿಸಿ ಎಂದು ಡಾಕ್ಟರ್ ಹೇಳಿದರು. ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುತ್ತಿದ್ದೇನೆ. ವಾರಕ್ಕೆ ಎರಡು ದಿನ ಜಿಮ್‌ಗೂ ಹೋಗುತ್ತೇನೆ. ಇಳಿದಿದ್ದು ಒಂದೂವರೆ ಕೆ.ಜಿ. ಮಾತ್ರ. "ಸುಮ್ನೆ ಯಾಕೆ ಬೆವರು ಸುರಿಸ್ತೀಯ, ಊಟ ಅರ್ಧ ಮಾಡು, ತಾನಾಗೇ ಇಳಿಯುತ್ತೆ" ಅಂತಾರೆ ನಮ್ಮ ಮನೆಯವರು. ಅದೇ ಸರಿ ಅನಿಸುತ್ತಿದೆ. ವ್ಯಾಯಾಮ ಬಿಟ್ಟು ಬರೀ ಡಯಟ್ ಮಾಡಲೇ? ಮೈಯಲ್ಲಿ ಕೊಬ್ಬು ಶೇಕಡಾ ಎಷ್ಟಿದೆ ಅಂತ ತೋರಿಸುವ ತೂಕದ ಯಂತ್ರ ಬಂದಿದೆಯಂತೆ, ಕೊಳ್ಳಬಹುದೇ? ಹೇಳಲು ಮರೆತೆ, ಮೊದಲು ಎರಡನೇ ಮಹಡಿಗೆ ನಿಂತು ನಿಂತು ಹತ್ತುತ್ತಿದ್ದೆ. ಈಗ ಮೂರನೇ ಮಹಡಿಯವರೆಗೂ ನಿಲ್ಲದೆ ಹತ್ತುತ್ತೇನೆ.
— ಹೆಸರು ಬೇಡ ಎಂದಿರುವ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯೂ ಆಯಿತು, ಸ್ವಲ್ಪ ಸಿಟ್ಟೂ ಬಂತು. ಪತ್ರದಲ್ಲಿದ್ದ ದೊಡ್ಡ ಸುದ್ದಿಯನ್ನು "ಹೇಳಲು ಮರೆತೆ" ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ ತಾಯಿ! ನಾಲ್ಕೇ ತಿಂಗಳಲ್ಲಿ ನಿಮ್ಮ ಹೃದಯ, ಶ್ವಾಸಕೋಶ, ತೊಡೆಯ ಸ್ನಾಯು ಎಲ್ಲವೂ ಸೇರಿ ನಿಮ್ಮನ್ನು ಮೂರನೇ ಮಹಡಿಗೆ ಏರಿಸಿವೆ. ನೀವು ಮಾತ್ರ ತೂಕದ ಯಂತ್ರದ ಮುಂದೆ ತಲೆ ತಗ್ಗಿಸಿ ನಿಂತಿದ್ದೀರಿ.

ನಿಮ್ಮ ಮನೆಯವರ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಎಪ್ಪತ್ತು ಕೆ.ಜಿ. ತೂಗುವವರು ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ 200 ಕ್ಯಾಲರಿ. ಒಂದು ದೊಡ್ಡ ಲೋಟ ಸಿಹಿ ಪಾನೀಯ, ಜೊತೆಗೆ ಒಂದು ಹಿಡಿ ಕರಿದ ತಿಂಡಿ ಸೇರಿದರೆ ಅದಕ್ಕಿಂತ ಜಾಸ್ತಿಯೇ ವಾಪಸ್ ಬರುತ್ತದೆ. ಮೈಯ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಕೂತಿರುತ್ತದೆ. ಹಾಗಾಗಿ ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಿಂದಲೇ, ಒಪ್ಪಿಕೊಳ್ಳೋಣ. ಸಕ್ಕರೆ ಕಡಿಮೆ ಮಾಡಿ, ಕರಿದದ್ದು ಕಡಿಮೆ ಮಾಡಿ, ತರಕಾರಿ ಮತ್ತು ಪ್ರೋಟೀನ್ ಹೆಚ್ಚಿಸಿ, ರಾತ್ರಿ ಊಟವಾದ ಮೇಲೆ ಬಾಯಾಡಿಸುವುದನ್ನು ನಿಲ್ಲಿಸಿ. ಡಯಟ್ ಬಗ್ಗೆ ನನ್ನ ಮಾತು ಇಷ್ಟೇ. ಉಳಿದದ್ದನ್ನು ಎಲ್ಲರೂ ಹೇಳುತ್ತಿದ್ದಾರೆ.

ನಿಮ್ಮ ಡಾಕ್ಟರ್ ತಲೆಕೆಡಿಸಿಕೊಂಡಿದ್ದು ಶುಗರ್ ಬಗ್ಗೆ, ಅಲ್ವಾ? ಹಾಗಾದರೆ ಅಲ್ಲಿಂದಲೇ ನೋಡೋಣ. ಊಟವಾದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯನ್ನು ಅತಿ ಹೆಚ್ಚು ಎಳೆದುಕೊಳ್ಳುವುದು ಸ್ನಾಯು. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ ಬರಲಿ ಅಂತ ಕಾಯುವುದೂ ಇಲ್ಲ, ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ನೀವು ನಡೆದು ಬಂದು ಕೂತ ಮೇಲೂ ಅದರ ಪರಿಣಾಮ ಹೆಚ್ಚುಕಡಿಮೆ ಒಂದು ದಿನ ಇರುತ್ತದೆ. ತೂಕದ ಯಂತ್ರಕ್ಕೆ ಇದ್ಯಾವುದೂ ಕಾಣುವುದಿಲ್ಲ. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ನಿಮ್ಮ ಹಾಗೆ ಶುಗರ್ ಬಾರ್ಡರ್‌ನಲ್ಲಿದ್ದ 577 ಜನ ಇದ್ದರು. ಕೆಲವರಿಗೆ ಬರೀ ಡಯಟ್, ಕೆಲವರಿಗೆ ಬರೀ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಯಾವುದೂ ಇಲ್ಲ. ಆರು ವರ್ಷ ನೋಡಿದರು. ಮಧುಮೇಹದ ಅಪಾಯ ಡಯಟ್ ಗುಂಪಿನಲ್ಲಿ ಶೇ. 31ರಷ್ಟು, ವ್ಯಾಯಾಮದ ಗುಂಪಿನಲ್ಲಿ ಶೇ. 46ರಷ್ಟು ಕಡಿಮೆಯಾಗಿತ್ತು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ 3,234 ಜನರಿದ್ದರು. ಅಲ್ಲಿ ತೂಕ ಇಳಿದಷ್ಟೂ ಒಳ್ಳೆಯದಾಯಿತು, ಅದು ನಿಜ. ಆದರೆ ತೂಕದ ಗುರಿ ಮುಟ್ಟದವರಲ್ಲೂ, ವಾರಕ್ಕೆ 150 ನಿಮಿಷದ ವ್ಯಾಯಾಮ ತಪ್ಪಿಸದೆ ಮಾಡಿದವರಿಗೆ ಮಧುಮೇಹ ಶೇ. 44ರಷ್ಟು ಕಡಿಮೆ ಬಂತು. ನೀವು ಈಗ ಇರುವುದು ಈ ಗುಂಪಿನಲ್ಲಿ. ಇದನ್ನು ಬಿಟ್ಟುಬಿಡಲು ಹೊರಟಿದ್ದೀರಾ?

ನನಗೆ ತುಂಬಾ ಇಷ್ಟವಾದ ಒಂದು ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧ ಮುಗಿದ ಹೊಸತು. ಜೆರ್ರಿ ಮೋರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಗಮನಿಸುತ್ತಿದ್ದರು. ಡ್ರೈವರ್, ಕಂಡಕ್ಟರ್ ಇಬ್ಬರದೂ ಒಂದೇ ಬಸ್ಸು, ಒಂದೇ ಊರು. ಡ್ರೈವರ್ ಇಡೀ ದಿನ ಸೀಟಿನಲ್ಲಿ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. 1953ರಲ್ಲಿ ಪ್ರಕಟವಾದ ಲೆಕ್ಕ ಹೇಳಿದ್ದೇನೆಂದರೆ, ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಡ್ರೈವರುಗಳಿಗಿಂತ ಕಡಿಮೆ. ಬಂದರೂ ತಡವಾಗಿ ಬರುತ್ತದೆ, ಬಂದಾಗ ಸಾವಿನ ಪ್ರಮಾಣವೂ ಕಡಿಮೆ.

ಆಗಲೂ ನಿಮ್ಮ ಮನೆಯವರ ಹಾಗೆ ವಾದಿಸುವವರು ಇದ್ದೇ ಇದ್ದರು. ಡ್ರೈವರುಗಳು ಮೊದಲಿನಿಂದಲೇ ದಪ್ಪ ಇದ್ದಿರಬೇಕು, ಕಾಯಿಲೆ ಅದರಿಂದ ಬಂದಿರಬೇಕು ಎಂಬ ಅನುಮಾನ. ಮೋರಿಸ್ ಸುಮ್ಮನೆ ಕೂರಲಿಲ್ಲ. ನೌಕರರಿಗೆ ಸಮವಸ್ತ್ರ ಹೊಲಿಸಲು ತೆಗೆದುಕೊಂಡಿದ್ದ ಪ್ಯಾಂಟಿನ ಸೊಂಟದ ಅಳತೆಗಳನ್ನೇ ತರಿಸಿಕೊಂಡರು! ಡ್ರೈವರುಗಳ ಸೊಂಟ ದಪ್ಪ ಇದ್ದದ್ದು ನಿಜವಾಗಿತ್ತು. ಆದರೆ ಮುಂದಕ್ಕೆ ನೋಡುತ್ತಾ ಹೋದಾಗ, ತೆಳ್ಳಗಿನವರಲ್ಲಿ, ಮಧ್ಯಮ ಮೈಕಟ್ಟಿನವರಲ್ಲಿ, ದಪ್ಪಗಿನವರಲ್ಲಿ, ಮೂರೂ ಕಡೆ ಕಂಡಕ್ಟರುಗಳೇ ಮೇಲು. ಸೊಂಟ ದಪ್ಪವಿದ್ದ ಕಂಡಕ್ಟರಿಗೂ ಮೆಟ್ಟಿಲು ಕೈಕೊಡಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಿದವರ ಹೃದಯ ಹೇಗಿತ್ತು ಅಂತ ಪ್ಯಾಂಟಿನ ಅಳತೆ ಒಂದರಿಂದಲೇ ಹೇಳಲಾಗುತ್ತಿರಲಿಲ್ಲ. ಮೋರಿಸ್ ತಮ್ಮ ಮಾತನ್ನು ತಾವೇ ಪಾಲಿಸಿದರು. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಇನ್ನೊಂದು ಕೇಳಿ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಏಳುವಂತಿಲ್ಲ. ಮೂರು ವಾರದಲ್ಲಿ ಅವರ ದೇಹ ಆಮ್ಲಜನಕ ಬಳಸುವ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಈಗ ಅವರಿಗೆ ಐವತ್ತು. ಸರಾಸರಿ ತೂಕ 77 ಕೆ.ಜಿ.ಯಿಂದ 100 ಕೆ.ಜಿ.ಗೆ ಏರಿತ್ತು. ಮೈಯ ಕೊಬ್ಬು ಎರಡು ಪಟ್ಟಾಗಿತ್ತು. ಆದರೂ ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಅಂದಿನ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ದೊಡ್ಡದಾಗಿತ್ತು! ಆಮೇಲೆ ಅವರಿಗೆ ಆರು ತಿಂಗಳು ನಿಧಾನವಾಗಿ ನಡಿಗೆ, ಓಟ, ಸೈಕಲ್ ಅಭ್ಯಾಸ ಮಾಡಿಸಿದರು. ತೂಕ ಇಳಿದದ್ದು ನಾಲ್ಕೂವರೆ ಕೆ.ಜಿ.ಯಷ್ಟು. ಯಂತ್ರದ ಮೇಲೆ ನಿಂತು ನೋಡಿದ್ದರೆ ಅವರಿಗೂ ನಿಮ್ಮಷ್ಟೇ ಬೇಸರವಾಗುತ್ತಿತ್ತು. ಆದರೆ ಆಮ್ಲಜನಕ ಬಳಸುವ ಅವರ ಶಕ್ತಿ ಇಪ್ಪತ್ತನೇ ವಯಸ್ಸಿನಲ್ಲಿ, ಹಾಸಿಗೆ ಹಿಡಿಯುವ ಮುಂಚೆ ಎಷ್ಟಿತ್ತೋ ಅಷ್ಟಕ್ಕೆ ವಾಪಸ್ ಬಂದಿತ್ತು.

"ಊಟ ಅರ್ಧ ಮಾಡು" ಎಂಬ ಸಲಹೆ ನನಗೆ ಹಿಡಿಸದಿರಲು ಕಾರಣವಿದೆ. ಏಕಾಏಕಿ ಅರ್ಧಕ್ಕಿಳಿಸಿ, ಸ್ನಾಯುವಿಗೆ ಕೆಲಸ ಕೊಡದೆ ಕೂತರೆ ಮೈ ಬರೀ ಕೊಬ್ಬನ್ನು ಕರಗಿಸುವುದಿಲ್ಲ. ಸ್ನಾಯುವನ್ನೂ ತಿನ್ನುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರಿಗೆ ಆರು ತಿಂಗಳು ಸುಮಾರು ಅರ್ಧ ಊಟ ಕೊಟ್ಟು ನೋಡಿದ್ದರು. ಅವರು ಸ್ವಇಚ್ಛೆಯಿಂದ ಬಂದವರು. ತೂಕದಲ್ಲಿ ಕಾಲು ಭಾಗ ಹೋಯಿತು. ಜೊತೆಗೆ ಶಕ್ತಿ ಹೋಯಿತು, ಉತ್ಸಾಹ ಹೋಯಿತು, ಯಾವಾಗಲೂ ಚಳಿ. ಓದು, ಗೆಳೆತನ ಯಾವುದೂ ಬೇಡವಾಗಿ ಹಗಲೂ ರಾತ್ರಿ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಈಗಿನ ತೂಕ ಇಳಿಸುವ ಇಂಜೆಕ್ಷನ್‌ಗಳ ವಿಷಯದಲ್ಲೂ ತಿಳಿದ ವೈದ್ಯರು ಹೇಳುವುದು ಇದನ್ನೇ. ತೂಕದ ಜೊತೆ ಸ್ನಾಯುವೂ ಹೋಗುತ್ತದೆ, ಭಾರ ಎತ್ತುವ ವ್ಯಾಯಾಮ ಬಿಡಬೇಡಿ ಅಂತ.

ಸ್ನಾಯು ಹೋದರೆ ಏನಾಗುತ್ತದೆ ಎಂಬುದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ನಮ್ಮ ತಾಯಿ ಎಪ್ಪತ್ತು ದಾಟಿದ ಮೇಲೆ ಒಂದು ಜ್ವರದಲ್ಲಿ ಮಲಗಿದರು. ಎದ್ದಾಗ ತೆಳ್ಳಗಾಗಿದ್ದರು. ನೋಡಲು ಬಂದವರು "ಪರವಾಗಿಲ್ಲ, ತೂಕ ಇಳಿದಿದೆ" ಎಂದು ಹೊಗಳಿ ಹೋದರು. ಆದರೆ ಅವರಿಗೆ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಕುರ್ಚಿಯ ಕೈ ಹಿಡಿದು, ಮುಂದಕ್ಕೆ ಬಾಗಿ, ಅರ್ಧ ಎದ್ದು, ಮತ್ತೆ ಕೂತುಬಿಡುತ್ತಿದ್ದರು. ಫಿಸಿಯೋಥೆರಪಿಸ್ಟ್ ಹುಡುಗಿ ಬಂದಳು. ಕುರ್ಚಿ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿದಳು. ಅದರ ಮೇಲಿಂದ ಏಳುವುದು, ಕೂರುವುದು, ಅಷ್ಟೇ. ಆಮೇಲೆ ಒಂದು ದಿಂಬು ತೆಗೆದಳು. ಆಮೇಲೆ ಇನ್ನೊಂದು. ಕೊನೆಗೆ ಕೈ ಎದೆ ಮೇಲೆ ಕಟ್ಟಿಸಿದಳು. ತಾಯಿ ಬರೀ ತೊಡೆಯ ಬಲದಲ್ಲಿ ಎದ್ದು ನಿಂತ ದಿನ ನಮ್ಮ ಮನೆಯಲ್ಲಿ ಸಂಭ್ರಮ. ಅವರ ತೂಕ ಎಷ್ಟು ಎಂದು ಆ ದಿನ ಯಾರೂ ಕೇಳಲಿಲ್ಲ.

ಇದು ನಮ್ಮ ತಾಯಿಯೊಬ್ಬರ ಕಥೆಯಲ್ಲ. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಬಾಸ್ಟನ್ನಿನ ಆರೈಕೆ ಕೇಂದ್ರದಲ್ಲಿದ್ದ ತೊಂಬತ್ತರ ಆಸುಪಾಸಿನ ವೃದ್ಧರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಂಬತ್ತಕ್ಕೆ ಇಷ್ಟು ಸಾಧ್ಯವಾದರೆ 46ಕ್ಕೆ ಎಷ್ಟು ಸಾಧ್ಯ, ನೀವೇ ಯೋಚಿಸಿ.

ನನಗಿರುವ ಸಂಕಟ ನಿಮ್ಮ ಪತ್ರಕ್ಕಿಂತ ದೊಡ್ಡದು. ವ್ಯಾಯಾಮ ಅಂದರೆ ಶಿಕ್ಷೆ ಎಂದು ನಾವು ಮಕ್ಕಳಿಗೆ ಸಣ್ಣವರಿದ್ದಾಗಲೇ ಕಲಿಸಿಬಿಡುತ್ತೇವೆ. ಹೋಮ್‌ವರ್ಕ್ ಮಾಡದಿದ್ದರೆ ಮೈದಾನಕ್ಕೆ ನಾಲ್ಕು ಸುತ್ತು ಓಡು. ತಡವಾಗಿ ಬಂದರೆ ಬಸ್ಕಿ ಹೊಡಿ. ಆಟದ ಪೀರಿಯಡ್ ಬಂದರೆ ಪರೀಕ್ಷೆ ಹತ್ತಿರ ಬಂತೆಂದು ಗಣಿತದ ಮೇಷ್ಟ್ರಿಗೆ ಅದನ್ನು ಕೊಟ್ಟುಬಿಡುತ್ತಾರೆ. ಅದೇ ಮಗು ದೊಡ್ಡವನಾದ ಮೇಲೆ ಜಾಹೀರಾತು ಬಂದು ಹೇಳುತ್ತದೆ: ನಿನ್ನೆ ತಿಂದದ್ದನ್ನು ಇವತ್ತು ಸುಡು. ಮತ್ತೆ ಶಿಕ್ಷೆಯೇ! ಓಡುವ ಯಂತ್ರದ ಮೇಲೆ ನಿಂತರೆ ಕಣ್ಣಿನ ಮುಂದೆ ಕ್ಯಾಲರಿಯ ಅಂಕಿ. ಗೋಡೆಯ ಮೇಲೆ ಮೊದಲು ಹೀಗಿದ್ದರು, ಈಗ ಹೀಗಾದರು ಎಂಬ ಜೋಡಿ ಫೋಟೋ. ಆ ಫೋಟೋದಲ್ಲಿರುವವರಿಗೆ ಈಗ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆಯೇ, ಮೊಣಕಾಲು ನೋವು ಕಡಿಮೆಯಾಯಿತೇ ಎಂದು ಯಾರೂ ಬರೆಯುವುದಿಲ್ಲ. ಹೊಸ ಕಟ್ಟಡಗಳಿಗೆ ಹೋದರೆ ಲಿಫ್ಟ್ ಬಾಗಿಲ ಎದುರೇ ಹೊಳೆಯುತ್ತಿರುತ್ತದೆ. ಮೆಟ್ಟಿಲು ಎಲ್ಲೋ ಹಿಂದೆ, ಭಾರದ ಬಾಗಿಲ ಆಚೆ, ದೀಪವಿಲ್ಲದ ಮೂಲೆಯಲ್ಲಿ. ಇದನ್ನೆಲ್ಲ ಕಟ್ಟಿದವರೇ ನಮಗೆ ಸೋಮಾರಿಗಳು ಅನ್ನುತ್ತಾರೆ.

ಇನ್ನು ಬಿ.ಎಂ.ಐ. ಎಂಬ ಅಂಕಿ. ಎತ್ತರ, ತೂಕದ ಆ ಲೆಕ್ಕ ಬಂದದ್ದು 1830ರ ದಶಕದಲ್ಲಿ, ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಖಗೋಳಜ್ಞನಿಂದ. ಆತ ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿಯನ್ನು, ನಿಮ್ಮ ನನ್ನ ಆರೋಗ್ಯವನ್ನಲ್ಲ. ಅದಕ್ಕೆ ಇಂದಿನ ಹೆಸರು ಕೊಟ್ಟದ್ದು 1972ರಲ್ಲಿ, ಮೇಲೆ ಹೇಳಿದ ಅದೇ ಕೀಸ್. ಸ್ನಾಯುವಿನ ಕೆ.ಜಿ. ಯಾವುದು, ಕೊಬ್ಬಿನ ಕೆ.ಜಿ. ಯಾವುದು ಎಂದು ಆ ಲೆಕ್ಕಕ್ಕೆ ಗೊತ್ತಿಲ್ಲ. ನಿಮ್ಮ ಯಂತ್ರಕ್ಕೂ ಗೊತ್ತಿಲ್ಲ. ವ್ಯಾಯಾಮ ಶುರು ಮಾಡಿದವರ ಸ್ನಾಯುವಿನಲ್ಲಿ ಸಕ್ಕರೆಯ ದಾಸ್ತಾನು ಹೆಚ್ಚುತ್ತದೆ, ಅದರ ಜೊತೆ ನೀರೂ ನಿಲ್ಲುತ್ತದೆ. ಕೊಬ್ಬು ಇಳಿದಿದ್ದರೂ ಮುಳ್ಳು ಅಲ್ಲಾಡದಿರಲು ಇದೂ ಒಂದು ಕಾರಣ.

ಕೊಬ್ಬಿನ ಶೇಕಡಾ ತೋರಿಸುವ ಯಂತ್ರ ಕೊಳ್ಳಬೇಡಿ. ಅದು ಪಾದದಿಂದ ಸಣ್ಣ ವಿದ್ಯುತ್ ಹರಿಸಿ, ಮೈಯಲ್ಲಿರುವ ನೀರಿನ ಅಂದಾಜಿನಿಂದ ಕೊಬ್ಬನ್ನು ಲೆಕ್ಕ ಹಾಕುತ್ತದೆ. ನೀರು ಕುಡಿದು ನಿಂತರೆ ಒಂದು ಅಂಕಿ, ಬೆವರಿ ಬಂದು ನಿಂತರೆ ಇನ್ನೊಂದು. ನಿಮಗೆ ಸುಮ್ನೆ ಇನ್ನೊಂದು ಚಿಂತೆ. ಬದಲಿಗೆ ದರ್ಜಿಯವರ ಅಳತೆ ಟೇಪು ಸಾಕು. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲ್ತುದಿ, ಎರಡರ ನಡುವೆ ಸುತ್ತಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ತಿಂಗಳಿಗೊಮ್ಮೆ ಸಾಕು. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಎರಡು ಮೂರು ತಿಂಗಳ ಶುಗರ್ ಸರಾಸರಿ ಅದರಲ್ಲಿ ಗೊತ್ತಾಗುತ್ತದೆ.

ನಡಿಗೆ ಹೀಗೇ ಇರಲಿ. ಜಿಮ್‌ನ ಎರಡು ದಿನವನ್ನಂತೂ ಬಿಡಲೇಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ನೀವು ಆಗಲೇ ಅಷ್ಟು ಮಾಡುತ್ತಿದ್ದೀರಿ. ಆದರೆ ಮೊದಲ ದಿನ ಎತ್ತಿದ ಭಾರವನ್ನೇ ಈಗಲೂ ಎತ್ತುತ್ತಿದ್ದರೆ ಸ್ನಾಯುವಿಗೆ ಹೊಸ ಕೆಲಸ ಸಿಗುವುದಿಲ್ಲ. ಕೊನೆಯ ಎರಡು ಮೂರು ಸಲ ಕಷ್ಟವಾಗುವಷ್ಟು ಇರಬೇಕು. ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಎದೆಯಲ್ಲಿ ನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಇನ್ನೊಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಗೋಡೆಗೆ ಆನಿಸಿದ ಗಟ್ಟಿ ಕುರ್ಚಿ, ಎದೆ ಮೇಲೆ ಕಟ್ಟಿದ ಕೈ, 30 ಸೆಕೆಂಡ್. ಎಷ್ಟು ಸಲ ಪೂರ್ತಿ ಎದ್ದು ನಿಂತಿರಿ ಎಂದು ನಿಮ್ಮ ಮನೆಯವರು ಎಣಿಸಲಿ. ಆಮೇಲೆ ಅವರನ್ನು ಕೂರಿಸಿ ನೀವು ಎಣಿಸಿ. ಎರಡೂ ಅಂಕಿಗಳನ್ನು ನಮಗೆ ಬರೆದು ಕಳುಹಿಸಿ, ಖಂಡಿತ ಪ್ರಕಟಿಸುತ್ತೇವೆ.