ಡಿಗ್ರಿ ಚಿಹ್ನೆಯೂ ಆಲ್ಟ್ ಕೋಡ್ ಪಟ್ಟಿಯ ಕಾಟವೂ

ಚಿಹ್ನೆಗಳನ್ನು ಟೈಪ್ ಮಾಡುವ ವಿಷಯಕ್ಕೆ ಇನ್ನು ಕೈ ಹಾಕಬಾರದು ಎಂದುಕೊಂಡಿದ್ದೆ. ಆದರೆ ‘ಆಲ್ಟ್ ಕೋಡ್‌ಗಳ ಸಂಪೂರ್ಣ ಪಟ್ಟಿ’ ಎಂಬ ಚಿತ್ರವೊಂದು (ಆಲ್ಟ್ ಕೀಲಿ ಹಿಡಿದು ಯಾವ ಅಂಕಿ ಒತ್ತಿದರೆ ಯಾವ ಚಿಹ್ನೆ ಬರುತ್ತದೆ ಎಂಬ ಪಟ್ಟಿ) ಮೊಬೈಲಿನಿಂದ ಮೊಬೈಲಿಗೆ ಮತ್ತೆ ಹರಿದಾಡುತ್ತಿದೆ. ಅದರ ಬೆನ್ನಿಗೇ ಅದೇ ಹಳೆಯ ಪ್ರಶ್ನೆಗಳು ಬಂದು ಬಿದ್ದಿವೆ. ಕಾಪಿ, ಪೇಸ್ಟ್ ಮಾಡುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಎಲ್ಲರೂ ಕೇಳುವ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟು, ಉಳಿದವನ್ನು ಬೇಗ ಮುಗಿಸುತ್ತೇನೆ.

ಪ್ರಶ್ನೆ: ಕಚೇರಿಯ ಕಂಪ್ಯೂಟರಿನಲ್ಲಿ ಆಲ್ಟ್ ಹಿಡಿದು 248 ಒತ್ತಿದರೆ ° ಬರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಏನೂ ಬರುವುದಿಲ್ಲ. ಇನ್ನೊಂದು ಪಟ್ಟಿಯಲ್ಲಿ 0176 ಎಂದಿದೆ. ಯಾವುದು ಸರಿ?

ಎರಡೂ ಸರಿ. ಪಟ್ಟಿ ಮಾಡಿದವರಿಗೆ ಅವೆರಡೂ ಏಕೆ ಇವೆ ಎಂಬುದು ಗೊತ್ತಿಲ್ಲ, ಅಷ್ಟೆ.

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಅಕ್ಷರಗಳಿಗೆ 256 ಸ್ಥಾನಗಳ ಒಂದು ಕೋಷ್ಟಕವಿತ್ತು. ಅದರ ಹೆಸರು ಕೋಡ್ ಪೇಜ್ 437. ಆಲ್ಟ್ ಹಿಡಿದು ಅಂಕಿ ಒತ್ತಿದರೆ ಆ ಕೋಷ್ಟಕದಲ್ಲಿ ಆ ಸಂಖ್ಯೆಯ ಸ್ಥಾನದಲ್ಲಿದ್ದ ಅಕ್ಷರ ಮೂಡುತ್ತಿತ್ತು. 248ರಲ್ಲಿ ಡಿಗ್ರಿ ಚಿಹ್ನೆ ಕೂತಿತ್ತು. ಆಮೇಲೆ ವಿಂಡೋಸ್ ತನ್ನದೇ ಕೋಷ್ಟಕ ತಂದಿತು. ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಭಾಷೆಗಳಿಗೆ ಅದು 1252. ಅದರಲ್ಲಿ ಡಿಗ್ರಿಯ ಸ್ಥಾನ 176. ಹಳೆಯ ಅಭ್ಯಾಸದವರನ್ನು ಬಿಡುವಂತಿಲ್ಲ, ಹೊಸದನ್ನು ಕೈಬಿಡುವಂತಿಲ್ಲ. ಹಾಗಾಗಿ ಎರಡನ್ನೂ ಉಳಿಸಿಕೊಂಡರು. ಮುಂದೆ ಸೊನ್ನೆ ಇಲ್ಲದಿದ್ದರೆ ಹಳೆಯ ಕೋಷ್ಟಕ, ಸೊನ್ನೆ ಇದ್ದರೆ ವಿಂಡೋಸಿನದು.

ಆ ಸೊನ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. 248ರ ಬದಲು 0248 ಒತ್ತಿ ನೋಡಿ, ಅಡ್ಡಗೀಟು ಎಳೆದ ø ಬರುತ್ತದೆ. 0176ರ ಸೊನ್ನೆ ಬಿಟ್ಟು 176 ಒತ್ತಿ, ಚುಕ್ಕಿ ತುಂಬಿದ ░ ಬರುತ್ತದೆ. ಹರಿದಾಡುತ್ತಿರುವ ಪಟ್ಟಿಯಲ್ಲಿ ‘ಚೆನ್ನಾಗಿ ಕಾಣಲಿ’ ಎಂದು ಯಾರೋ ಮಹನೀಯರು ಸೊನ್ನೆಗಳನ್ನು ಅಳಿಸಿದ್ದಾರೆ. ಅದನ್ನು ಗೋಡೆಗೆ ಅಂಟಿಸಿಕೊಂಡವರು ಕೀಲಿಮಣೆ ಕೆಟ್ಟಿದೆಯೆಂದು ನನಗೆ ಬರೆಯುತ್ತಾರೆ. ಅಲ್ಲದೆ, ರಷ್ಯನ್ ಮುಂತಾದ ಭಾಷೆಗಳ ಸಿರಿಲಿಕ್ ಲಿಪಿಗೆ ಹೊಂದಿಸಿದ ವಿಂಡೋಸಿನಲ್ಲಿ 1252ರ ಜಾಗದಲ್ಲಿ 1251 ಕೆಲಸ ಮಾಡುತ್ತದೆ. ನಮಗೆ ½ ಕೊಡುವ 0189 ಅಲ್ಲಿ ಒಂದು ಸಿರಿಲಿಕ್ ಅಕ್ಷರವನ್ನು ಕೊಡುತ್ತದೆ. ಎಲ್ಲ ಕಂಪ್ಯೂಟರಿಗೂ ಸಲ್ಲುವ ಪಟ್ಟಿ ಎಂಬುದೇ ಇಲ್ಲ.

ಇನ್ನು ನಿಮ್ಮ ಲ್ಯಾಪ್‌ಟಾಪ್. ಅಕ್ಷರಗಳ ಮೇಲಿನ ಸಾಲಿನಲ್ಲಿರುವ ಅಂಕಿಗಳಿಗೂ ಆಲ್ಟ್ ಕೋಡಿಗೂ ಸಂಬಂಧವಿಲ್ಲ. ಬಲಗಡೆ ಪ್ರತ್ಯೇಕವಾಗಿರುವ ನಂಬರ್ ಪ್ಯಾಡ್ ಬೇಕೇ ಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ ನಮ್ ಲಾಕ್ (ಅಂಕಿಗಳನ್ನು ಚಾಲೂ ಮಾಡುವ ಕೀಲಿ) ಹಾಕಿದರೆ ಅಕ್ಷರದ ಕೀಲಿಗಳೇ ಅಂಕಿಗಳಾಗುತ್ತಿದ್ದವು: ಎಂ ಎಂದರೆ ಸೊನ್ನೆ, ಜೆ ಎಂದರೆ ಒಂದು, ಓ ಎಂದರೆ ಆರು. 0176 ಬೇಕಾದರೆ ಎಂ, ಜೆ, 7, ಓ ಒತ್ತಬೇಕು. ಈಗಿನ ಅನೇಕ ಮಾದರಿಗಳಲ್ಲಿ ಅದೂ ಇಲ್ಲ.

ನಂಬರ್ ಪ್ಯಾಡ್ ಇದ್ದವರಿಗೂ ಒಂದು ಎಚ್ಚರಿಕೆ. ನಮ್ ಲಾಕ್ ಆರಿದ್ದಾಗ ಪ್ಯಾಡಿನ 4 ಎಡಬಾಣದ ಕೀಲಿಯಾಗುತ್ತದೆ. ಬ್ರೌಸರಿನಲ್ಲಿ ಆಲ್ಟ್ ಜೊತೆ ಎಡಬಾಣ ಒತ್ತಿದರೆ ಹಿಂದಿನ ಪುಟಕ್ಕೆ ಹೋಗುತ್ತದೆ. 248ರ ನಡುವಿನ 4 ಒತ್ತಿದೊಡನೆ ಅರ್ಧ ಗಂಟೆ ಕೂತು ತುಂಬಿದ ಅರ್ಜಿ ಕಣ್ಣೆದುರೇ ಮಾಯವಾಗಬಹುದು. ‘ವೈರಸ್ ಬಂದಿದೆ’ ಎಂದು ಬರೆಯುವ ಮೊದಲು ಆ ದೀಪ ಉರಿಯುತ್ತಿದೆಯೇ ನೋಡಿ.

ಸೊನ್ನೆಯಿಂದ ಶುರುವಾಗದ ನಾಲ್ಕಂಕಿಯ ಕೋಡುಗಳ ಪಾಡು ಇನ್ನೂ ಕೆಟ್ಟದ್ದು. ಬಲಬಾಣದ ಚಿಹ್ನೆಗೆ (→) 8594 ಎಂದು ಪಟ್ಟಿ ಹೇಳುತ್ತದೆ. ವರ್ಡ್ ಅದನ್ನು ಒಪ್ಪಿಕೊಳ್ಳುತ್ತದೆ. ಆದರೆ ಹಲವು ತಂತ್ರಾಂಶಗಳಲ್ಲಿ ಕೋಷ್ಟಕದ 256 ಸ್ಥಾನಗಳೇ ಗತಿ. 8594ನ್ನು 256ರಿಂದ ಭಾಗಿಸಿ ಉಳಿದ ಶೇಷವನ್ನಷ್ಟೇ ಅವು ಲೆಕ್ಕಕ್ಕೆ ಹಿಡಿಯುತ್ತವೆ. ಶೇಷ 146. ಬಾಣ ಬರಬೇಕಾದಲ್ಲಿ Æ ಬರುವುದು ಹೀಗೆ. ಅದೇ ಬಾಣಕ್ಕೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರ, ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆ) ಕೋಷ್ಟಕಗಳಲ್ಲಿ 2192 ಎಂದಿರುತ್ತದೆ. ಅದು ಹದಿನಾರರ ಆಧಾರದ ಎಣಿಕೆ, ಚಿಹ್ನೆ ಒಂದೇ. ವರ್ಡ್‌ನಲ್ಲಿ 2192 ಎಂದು ಬರೆದು, ತಕ್ಷಣ ಆಲ್ಟ್ ಮತ್ತು ಎಕ್ಸ್ ಒತ್ತಿ. ಅಂಕಿ ಹೋಗಿ ಬಾಣ ಬರುತ್ತದೆ. ಇದಕ್ಕೆ ನಂಬರ್ ಪ್ಯಾಡ್ ಬೇಡ. ಈ ಎರಡು ಎಣಿಕೆಗಳನ್ನು ಕಲಸಿ ಪಟ್ಟಿ ಮಾಡಿದವರನ್ನು ದೇವರೇ ಕಾಪಾಡಬೇಕು. ‘ರಿಜಿಸ್ಟ್ರಿ (ವಿಂಡೋಸಿನ ಒಳಗಿನ ಸೆಟ್ಟಿಂಗ್‌ಗಳ ಉಗ್ರಾಣ) ತಿದ್ದಿದರೆ ಎಲ್ಲ ಕೋಡೂ ಎಲ್ಲ ಕಡೆ ಬರುತ್ತದೆ’ ಎಂದು ವಿಡಿಯೊ ಮಾಡುವ ಪಂಡಿತರೂ ಇದ್ದಾರೆ. ಒಂದು ಬಾಣಕ್ಕಾಗಿ ರಿಜಿಸ್ಟ್ರಿಗೆ ಕೈ ಹಾಕುವುದು ಇಲಿ ಹಿಡಿಯಲು ಮನೆಯ ಅಡಿಪಾಯ ಅಗೆದಂತೆ.

ಹಾಗಾದರೆ ಮಾಡಬೇಕಾದ್ದೇನು? ವಿಂಡೋಸ್ 10 ಅಥವಾ 11 ಇದ್ದರೆ ವಿಂಡೋಸ್ ಕೀಲಿ ಹಿಡಿದು ಪೂರ್ಣವಿರಾಮದ ಚುಕ್ಕಿಯನ್ನು ಒತ್ತಿ. ಎಮೋಜಿಗಳು ತೆರೆದುಕೊಂಡರೆ ಗಾಬರಿ ಬೇಡ, ಅಲ್ಲೇ ಚಿಹ್ನೆಗಳ ವಿಭಾಗವೂ ಇದೆ. ಇತ್ತೀಚೆಗೆ ಬಳಸಿದವು ಮೊದಲಿಗೇ ಸಿಗುತ್ತವೆ. ದಿನವೂ ಬೇಕಾಗುವ ನಾಲ್ಕಾರು ಚಿಹ್ನೆಗಳನ್ನು ವರ್ಡ್‌ನ ಆಟೊಕರೆಕ್ಟ್‌ಗೆ ಸೇರಿಸಿಬಿಡಿ; ನೀವು ಗೊತ್ತುಮಾಡಿದ ಗುರುತನ್ನು ಬರೆದರೆ ಅದರ ಜಾಗದಲ್ಲಿ ಚಿಹ್ನೆ ತಾನಾಗಿ ಬರುತ್ತದೆ. ನಾನು ಮಾಡುವುದೂ ಅದನ್ನೇ. ಆದರೆ ಗುರುತಿನ ಅಕ್ಷರಗಳು ಯಾವ ಪದವೂ ಆಗದಂತಿರಲಿ, ಇಲ್ಲವಾದರೆ ವಾಕ್ಯದ ನಡುವೆ ಬೇಡದ ಡಿಗ್ರಿಗಳು ಉದುರುತ್ತವೆ.

ಪ್ರಶ್ನೆ: ಮ್ಯಾಕ್‌ನಲ್ಲಿ ಆಪ್ಷನ್ ಮತ್ತು ಸೊನ್ನೆ ಒತ್ತಿ ಡಿಗ್ರಿ ಹಾಕುತ್ತೇನೆ. ಆದರೆ ಕಡತದಲ್ಲಿ ಹುಡುಕಿದರೆ ಸಿಗುವುದೇ ಇಲ್ಲ.

ನೀವು ಹಾಕುತ್ತಿರುವುದು ಡಿಗ್ರಿಯೇ ಅಲ್ಲ. ಅದು º, ಸ್ಪ್ಯಾನಿಷ್‌ನಂತಹ ಭಾಷೆಗಳಲ್ಲಿ ‘ಒಂದನೆಯ’, ‘ಎರಡನೆಯ’ ಎಂದು ಬರೆಯಲು ಬಳಸುವ ಪುಟ್ಟ ಅಕ್ಷರ. ಆಪ್ಷನ್ ಮತ್ತು ಕೆ ಒತ್ತಿದರೆ ಬರುವ ˚ ಕೂಡ ಅಲ್ಲ, ಅದು ಅಕ್ಷರದ ನೆತ್ತಿಯ ಮೇಲಿನ ಬಳೆ. ನಿಜವಾದ ° ಬೇಕಾದರೆ ಆಪ್ಷನ್, ಶಿಫ್ಟ್, 8. ಕಣ್ಣಿಗೆ ಮೂರೂ ಸೊನ್ನೆಗಳು ಒಂದೇ, ಕಂಪ್ಯೂಟರಿಗೆ ಮೂರೂ ಬೇರೆ. ಹಳೆಯ ಕಡತಗಳಲ್ಲಿ ಒಮ್ಮೆ ಹುಡುಕಿ ಬದಲಿಸಿಬಿಡಿ. ಉಳಿದ ಚಿಹ್ನೆಗಳಿಗೆ ಕಂಟ್ರೋಲ್, ಕಮಾಂಡ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಪೂರ್ತಿ ಸಂಗ್ರಹವೇ ತೆರೆದುಕೊಳ್ಳುತ್ತದೆ.

ಪ್ರಶ್ನೆ: ಐಫೋನಿನಲ್ಲಿ ಡಿಗ್ರಿ ಇಲ್ಲವೇ?

ಅಂಕಿಗಳ ಪುಟದಲ್ಲಿ ಸೊನ್ನೆಯನ್ನು ಒತ್ತಿ ಹಿಡಿಯಿರಿ. ಬೇರೆ ಕೀಲಿಗಳನ್ನೂ ಹಾಗೆಯೇ ಒತ್ತಿ ಹಿಡಿದು ನೋಡುವ ಕುತೂಹಲ ಇದ್ದಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಪ್ರಶ್ನೆ: @ ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತದೆ, ಅದನ್ನು ಒತ್ತಿದರೆ @ ಬರುತ್ತದೆ. ಹೊಸ ಕೀಲಿಮಣೆ ಕೊಳ್ಳಬೇಕೇ?

ಬೇಡ. ನಿಮ್ಮ ಯಂತ್ರ ಬ್ರಿಟನ್ನಿನ ವಿನ್ಯಾಸಕ್ಕೆ ಬದಲಾಗಿದೆ, ಅಮೆರಿಕದ್ದಕ್ಕೆ ಮರಳಿಸಿ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ವಿನ್ಯಾಸ ಬದಲಾಗುತ್ತದೆ; ಬಹುಶಃ ನಿಮಗೆ ತಿಳಿಯದೆ ಬದಲಾದದ್ದೂ ಹಾಗೆಯೇ.

ಪ್ರಶ್ನೆ: ₹ ಎಲ್ಲಿದೆ?

ಕೀಲಿಮಣೆಯ ವಿನ್ಯಾಸವನ್ನು ‘ಇಂಗ್ಲಿಷ್ (ಭಾರತ)’ ಎಂದಿಟ್ಟು, ಬಲಗಡೆಯ ಆಲ್ಟ್ ಮತ್ತು 4 ಒತ್ತಿ.

ಪ್ರಶ್ನೆ: ನಾನು ಹಾಕಿದ ಚಿಹ್ನೆ ಗೆಳೆಯನ ಫೋನಿನಲ್ಲಿ ಖಾಲಿ ಚೌಕವಾಗಿ ಕಾಣುತ್ತದೆ.

ಆ ಚಿಹ್ನೆಯ ಆಕಾರ ಅವರ ಫೋನಿನ ಫಾಂಟಿನಲ್ಲಿಲ್ಲ. ನೀವು ಹತ್ತು ಸಲ ಮತ್ತೆ ಟೈಪ್ ಮಾಡಿ ಕಳಿಸಿದರೂ ಚೌಕವೇ ಬರುತ್ತದೆ.

ಪ್ರಶ್ನೆ: ಸಾವಿರಾರು ಚಿಹ್ನೆಗಳಿರುವ ಉಚಿತ ಕೀಬೋರ್ಡ್ ಆ್ಯಪ್ ಹಾಕಿಕೊಳ್ಳಬಹುದೇ?

ಕೀಬೋರ್ಡ್ ಆ್ಯಪ್ ಎಂದರೆ ನೀವು ಒತ್ತುವ ಪ್ರತಿಯೊಂದು ಅಕ್ಷರವೂ ಅದರ ಕೈಯಿಂದಲೇ ಹಾದುಹೋಗುತ್ತದೆ. ಪ್ರೇಮಪತ್ರವೂ ಹೋಗುತ್ತದೆ, ಬ್ಯಾಂಕಿನ ವ್ಯವಹಾರವೂ ಹೋಗುತ್ತದೆ. ಯಾರು ಮಾಡಿದ್ದೆಂದು ಗೊತ್ತಿಲ್ಲದ ಆ್ಯಪ್ ಬೇಡವೇ ಬೇಡ. ನನ್ನದು ಅತಿಯಾದ ಭಯ ಎಂದು ಕೆಲವರು ನಗುತ್ತಾರೆ, ನಗಲಿ.

ಪ್ರಶ್ನೆ: ಪಾಸ್‌ವರ್ಡಿನಲ್ಲಿ ° ಅಥವಾ → ಸೇರಿಸಿದರೆ ಯಾರೂ ಊಹಿಸಲಾರರಲ್ಲವೇ?

ಬೇರೊಂದು ಸಾಧನದ ಮುಂದೆ ಕೂತಾಗ ನೀವೂ ಟೈಪ್ ಮಾಡಲಾರಿರಿ. ಎಷ್ಟೋ ಕಡೆ ಇಂತಹ ಚಿಹ್ನೆಗಳನ್ನು ಒಪ್ಪುವುದೂ ಇಲ್ಲ. ಪಾಸ್‌ವರ್ಡ್ ಉದ್ದವಾಗಿರಲಿ, ಚಿಹ್ನೆಯೇ ಬೇಕೆಂದರೆ ಕೀಲಿಯ ಮೇಲೆ ಅಚ್ಚಾಗಿರುವುದನ್ನೇ ಬಳಸಿ.

ಪ್ರಶ್ನೆ: ಹೆಸರನ್ನು ಬಳುಕುವ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಳ್ಳುವುದು ಹೇಗೆ?

ಹಾಕಿಕೊಳ್ಳಬೇಡಿ. ಅವು ಗಣಿತದ ಬರಹಕ್ಕೆಂದು ಯೂನಿಕೋಡ್‌ಗೆ ಸೇರಿಸಿದ ಚಿಹ್ನೆಗಳು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರುಗಳಲ್ಲಿ ಕೆಲವು ನಿಮ್ಮ ಹೆಸರಿನ ಬದಲು ‘ಗಣಿತದ ದಪ್ಪ ದೊಡ್ಡಕ್ಷರ’ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಒದರುತ್ತವೆ, ಇನ್ನು ಕೆಲವು ಏನನ್ನೂ ಓದದೆ ಮುಂದೆ ಹೋಗುತ್ತವೆ.